ನಾಲ್ಕು ಪ್ರತಿ

ಬ್ಯಾಂಕು ತಪಾಸಣೆಗೆ ಹೋದವರು ಆ ಬ್ಯಾಂಕಿನ ಕಾಫಿ ಕುಡಿಯುವಂತಿಲ್ಲ. ರಾಜ್ಯ ಸರ್ಕಾರದ ತಪಾಸಣಾಧಿಕಾರಿಯಾಗಿ ಅಮೆರಿಕದ ನೆಬ್ರಾಸ್ಕಾದ ಊರೂರು ಅಲೆದು ಇಪ್ಪತ್ತಾರು ವರ್ಷ ಸವೆಸಿದ ಮಾರ್ಲಾ ಕುಚೇರಾ ಈ ನಿಯಮವನ್ನು ಒಂದು ದಿನವೂ ಮುರಿದವಳಲ್ಲ. ಯಾರದೋ ಹುಟ್ಟುಹಬ್ಬದ ಕೇಕಿನ ಚೂರನ್ನೂ ನಗುನಗುತ್ತಲೇ ಪಕ್ಕಕ್ಕೆ ಸರಿಸಿದವಳು. ಬ್ಯಾಂಕಿನವರು ಅವಳನ್ನು ಹಿಂದಿನ ಕೋಣೆಯಲ್ಲಿ ಕಡತಗಳ ಜೊತೆ ಕೂರಿಸಿ ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು. ಅವಳು ಹೊರಗೆ ಬಂದರೆ ಮಾತೆಲ್ಲ ಪಿಸುಮಾತಾಗುತ್ತಿತ್ತು. ಗಂಡ ಮನೆ ಬಿಟ್ಟುಹೋದ ಸುದ್ದಿಯೂ ಅವಳಿಗೆ ಇಂಥದೇ ಒಂದೂರಿನ ಮೋಟೆಲಿನ ಫೋನಿನಲ್ಲಿ ಬಂದಿತ್ತು. ಒಂಟಿತನ ಅಭ್ಯಾಸವಾಗುತ್ತದೆ ಅನ್ನುವವರು ಒಂಟಿಯಾಗಿ ಇದ್ದು ನೋಡಿದವರಲ್ಲ, ಬಿಡಿ.

ಆರ್ಡೆಲ್ ಎಂಬ ಪುಟ್ಟ ಊರಿನಲ್ಲಿ ಮಾತ್ರ ಅವಳಿಗೊಂದು ಆಸರೆಯಿತ್ತು. ಬ್ಯಾಂಕಿನ ಎದುರಿಗೇ ಒಂದು ಊಟದಂಗಡಿ, ಅಲ್ಲಿ ಬಡಿಸುವ ಟ್ವೈಲಾ ಹೆನ್ನಿಂಗ್. ಅಲ್ಲಿಯ ಬ್ಯಾಂಕಿಗೆ ಒಂದು ವರ್ಷ ಕೇಂದ್ರದವರ ತಪಾಸಣೆ, ಮರುವರ್ಷ ರಾಜ್ಯದವರದು. ಹಾಗಾಗಿ ಮಾರ್ಲಾ ಎರಡು ವರ್ಷಕ್ಕೊಮ್ಮೆ ಬಂದು ಮೂರು ವಾರ ಇರುತ್ತಿದ್ದಳು. ಅಷ್ಟಕ್ಕೇ ಟ್ವೈಲಾ ಅವಳ ಹೆಸರು, ಅವಳು ಕೂರುವ ಜಾಗ, ಅವಳ ಇಷ್ಟದ ಹುಳಿಸಿಹಿ ತಿಂಡಿ ರುಬಾರ್ಬ್ ಪೈ ಎಲ್ಲವನ್ನೂ ನೆನಪಿಟ್ಟುಕೊಂಡಿದ್ದಳು.

"ಬಂದ್ಯಾ ಮಾರ್ಲಾ? ಇದೇನೇ ಹಿಂಗೆ ಬಡವಾಗಿದೀಯ! ಸರ್ಕಾರದವ್ರು ಊಟಾನೂ ಕಟ್ ಮಾಡಿದಾರಾ?"

"ನಿನ್ ಬಾಯಿ ಮಾತ್ರ ಸ್ವಲ್ಪಾನೂ ಸೊರಗಿಲ್ಲ ನೋಡು."

"ಅದೊಂದೇ ಕಣೇ ಉಳ್ದಿರೋದು. ಹೋದ ಚಳಿಗಾಲದಲ್ಲಿ ನನ್ ಗಂಡ ಡೀಕ್ ತೀರ್ಕೊಂಡ." ಟ್ವೈಲಾ ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. "ಅವನ ಆಸ್ಪತ್ರೆಗೆ ಅಂತ, ಅಮ್ಮ ನಮ್ಮಿಬ್ರ ಹೆಸರಿಗೆ ಬಿಟ್ಟುಹೋದ ಮನೇನೇ ಅಡ ಇಟ್ವಿ. ಈಗ ಅದೂ ಹರಾಜಿಗೆ ಬಂದಿದೆ. ಬಿಡು, ರುಬಾರ್ಬ್ ಪೈ ಮಾಡಿದೀನಿ, ತಿಂತೀಯಾ?"

ಮಾರ್ಲಾ ಕಾಸು ಕೊಟ್ಟು ತಿಂದಳು. ಯಾವ ಬ್ಯಾಂಕಿನ ಸಾಲ ಎಂದು ಕೇಳಲಿಲ್ಲ. ಕೇಳಬಾರದೆಂದು ಅವಳಿಗೆ ಗೊತ್ತಿತ್ತು.

ಮರುದಿನ ಕಡತವೇ ಹೇಳಿತು. ವಾಸದ ಮನೆಯನ್ನು ಅಡವಿಟ್ಟು ಸಾಲ ತೆಗೆದವರಿಗೆ ಮೂರು ದಿನದೊಳಗೆ ಮನಸ್ಸು ಬದಲಿಸಿ ಸಾಲ ರದ್ದು ಮಾಡುವ ಹಕ್ಕುಂಟು. ಆ ಹಕ್ಕನ್ನು ತಿಳಿಸುವ ಕಾಗದವನ್ನು ಮನೆಯ ಒಬ್ಬೊಬ್ಬ ಒಡೆಯರಿಗೂ ಎರಡೆರಡು ಪ್ರತಿ ಕೊಡಬೇಕು. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದ್ದರೆ ನಾಲ್ಕು ಪ್ರತಿ. ಕೊಡದೇ ಹೋದರೆ ಆ ಮೂರು ದಿನ ಮೂರು ವರ್ಷವಾಗುತ್ತದೆ. ಟ್ವೈಲಾಳ ಕಡತದಲ್ಲಿ 'ಎರಡು ಪ್ರತಿ ತಲುಪಿದೆ' ಎಂಬ ಸಾಲಿನ ಕೆಳಗೆ ಗಂಡ ಹೆಂಡಿರ ಸಹಿ ಅಕ್ಕಪಕ್ಕ ಇತ್ತು. ಒಂದೇ ಸೂರಿನಡಿ ಇರುವವರಿಗೆ ನಾಲ್ಕು ಯಾಕೆ, ಕಾಗದ ದಂಡ ಅಂತ ಬ್ಯಾಂಕಿನವರ ಉಳಿತಾಯ. ಇಂಥವು ಒಟ್ಟು ಹನ್ನೊಂದು ಕಡತ. ಟ್ವೈಲಾ ಈಗಲೂ ಸಾಲ ರದ್ದು ಮಾಡಬಹುದು, ಕಟ್ಟಿದ ಬಡ್ಡಿಯನ್ನೆಲ್ಲ ಅಸಲಿಗೆ ಹಿಡಿಸಬಹುದು, ಮಿಕ್ಕ ಅಸಲನ್ನು ಬೇರೆ ಕಡೆ ಸಾಲ ತಂದು ತೀರಿಸಬಹುದು, ಹರಾಜು ನಿಲ್ಲಿಸಬಹುದು. ಅವಳ ಮೂರು ವರ್ಷ ಮುಗಿಯಲು ಇನ್ನು ಇಪ್ಪತ್ತೆರಡು ದಿನ ಉಳಿದಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ.

ಮಾರ್ಲಾ ಮೇಲಧಿಕಾರಿ ಗಾರ್ವಿನ್‌ಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಇವತ್ತಿಂದ ಆ ಅಂಗಡಿ ಕಡೆ ತಲೆ ಹಾಕ್ಬೇಡ," ಎಂದ ಅವನು. "ಕಡತದಲ್ಲಿ ಕಂಡಿದ್ದು ಒಂದಕ್ಷರ ಹೊರಗೆ ಹೋದ್ರೂ ನಿನ್ ಕೆಲಸ ಹೋಗತ್ತೆ. ಅದಿರ್ಲಿ, ಬ್ಯಾಂಕಿನವರ ವಕೀಲರು ನಿನ್ ವರದೀನೇ ಹೊಡೆದುಹಾಕ್ತಾರೆ. ಹನ್ನೊಂದು ಮನೆಗೂ ಏನೂ ಸಿಗಲ್ಲ."

"ವರದಿ ಹೊರಗೆ ಬರೋದು ಯಾವಾಗ?"

"ಬ್ಯಾಂಕಿನ ಪರವಾನಗಿ ನಮ್ದು, ಈ ನಿಯಮ ಕೇಂದ್ರದ್ದು. ಎರಡು ಕಡೆ ಮೇಜು ದಾಟ್ಬೇಕು. ಎಂಟು ವಾರ ಅನ್ಕೋ."

"ಅವಳಿಗಿರೋದು ಇಪ್ಪತ್ತೆರಡು ದಿನ, ಗಾರ್ವಿನ್."

"ನಂಗೂ ಕೂಡಿ ಕಳೆಯೋಕೆ ಬರತ್ತೆ ಮಾರ್ಲಾ."

ಉಳಿದದ್ದು ಒಂದೇ ದಾರಿ. ಬ್ಯಾಂಕಿನ ಅಧ್ಯಕ್ಷ ಲೈಲ್ ಬ್ರಾಂಟ್‌ನ ಮುಂದೆ ಹೋಗಿ ಕೂತಳು.

"ಇಬ್ರಿಗೂ ಸೇರಿ ಎರಡು ಕೊಟ್ಟಿದೀವಲ್ಲ ತಾಯಿ!" ಎಂದು ಅವನು ಕೈಯೆತ್ತಿದ. "ನಾನೂ ನನ್ ಹೆಂಡ್ತೀನೂ ಒಂದೇ ಪೇಪರ್ ಓದಲ್ವಾ?"

"ಪೇಪರ್ ಓದ್ಕೊಳ್ಳಿ, ಯಾರ್ ಬೇಡ ಅಂದ್ರು? ವರದಿ ಮುಗಿಯೋಕೆ ಮುಂಚೆ, ಸಾಲ ರದ್ದು ಮಾಡೋ ಹಕ್ಕು ಇನ್ನೂ ಇದೆ ಅಂತ ಹನ್ನೊಂದು ಮನೆಗೂ ಪತ್ರ ಹೋದ್ರೆ, ಬ್ಯಾಂಕೇ ತಪ್ಪು ತಿದ್ದಿಕೊಂಡಿತು ಅಂತ ಬರೀತೀನಿ. ಇಲ್ಲಾಂದ್ರೆ ನಾವು ಹಿಡಿದೆವು ಅಂತ ಬರೀತೀನಿ. ಯಾವುದು ಬೇಕೋ ನೀವೇ ಆರಿಸ್ಕೊಳ್ಳಿ."

ಲೈಲ್ ಐದು ದಿನ ಜಗ್ಗಾಡಿದ. ಒಂದೊಂದು ವಾಕ್ಯಕ್ಕೂ ಕೊಸರಾಡಿದ. ಆ ಐದು ದಿನವೂ ಮಾರ್ಲಾ ಮಧ್ಯಾಹ್ನ ತನ್ನ ಕಾರಿನಲ್ಲಿ ಕೂತು, ಪೆಟ್ರೋಲ್ ಬಂಕಿನಲ್ಲಿ ಕೊಂಡ ಸ್ಯಾಂಡ್‌ವಿಚ್ ತಿಂದಳು. ಎದುರಿನ ಕಿಟಕಿಯಲ್ಲಿ ತಾನು ಕೂರುತ್ತಿದ್ದ ಸ್ಟೂಲು ಕಾಣುತ್ತಿತ್ತು. ನೋಡಬಾರದೆಂದುಕೊಂಡೇ ನೋಡುತ್ತಿದ್ದಳು.

ಪತ್ರಗಳು ಅಂಚೆಗೆ ಬಿದ್ದ ಎರಡನೇ ದಿನ ಟ್ವೈಲಾ ರಸ್ತೆ ದಾಟಿ ಬಂದು ಕಾರಿನ ಗಾಜು ತಟ್ಟಿದಳು. ಒಂದು ಕೈಯಲ್ಲಿ ಪೈ ಇದ್ದ ಡಬ್ಬಿ, ಇನ್ನೊಂದರಲ್ಲಿ ಒಂದು ಲಕೋಟೆ.

"ವಾರದಿಂದ ನೋಡ್ತಿದೀನಿ, ಒಣ ಬ್ರೆಡ್ಡು ಕಚ್ಕೊಂಡು ಇಲ್ಲೇ ಕೂತಿರ್ತೀಯ. ನಾನೇನ್ ಮಾಡ್ದೆ ನಿಂಗೆ?"

"ಏನೂ ಮಾಡಿಲ್ಲ."

"ಸರಿ, ಜಗಳ ಆಮೇಲೆ ಆಡಣ. ತಗೋ, ತಿನ್ನು. ಬ್ಯಾಂಕಿಂದ ಇದು ಬಂದಿದೆ, ಒಂದಕ್ಷರ ತಲೆಗೆ ಹತ್ತಲ್ಲ. ನಿನ್ ಕೆಲ್ಸಾನೇ ಇದಲ್ವಾ, ಓದಿ ಹೇಳೇ."

ಆ ಕಾಗದದ ಪ್ರತಿ ಸಾಲೂ ಮಾರ್ಲಾಗೆ ಬಾಯಿಪಾಠ. ಅವಳು ಕೈ ಚಾಚಲಿಲ್ಲ.

"ಓದೋ ಹಾಗಿಲ್ಲ ಟ್ವೈಲಾ. ಪೈನೂ ತಗೊಳ್ಳೋ ಹಾಗಿಲ್ಲ."

"ಯಾಕೆ?"

"ಹೇಳೋ ಹಾಗಿಲ್ಲ. ವಕೀಲರ ಹತ್ರ ತಗೊಂಡು ಹೋಗು. ಇವತ್ತೇ ಹೋಗು."

ಟ್ವೈಲಾ ಲಕೋಟೆಯನ್ನು ಏಪ್ರನ್ ಜೇಬಿಗೆ ತುರುಕಿದಳು. "ಡೀಕ್ ಸತ್ತ ಮೇಲೆ ಅರ್ಧ ಊರು ಹಿಂಗೇ ಮುಖ ತಿರುಗಿಸ್ತು. ಎಲ್ಲಿ ಸಾಲ ಕೇಳ್ತಾಳೋ ಅಂತ. ನೀನು ಅಂಥವಳಲ್ಲ ಅನ್ಕೊಂಡಿದ್ದೆ ಕಣೇ."

ಡಬ್ಬಿ ಹಿಡಿದುಕೊಂಡೇ ವಾಪಸು ಹೋದಳು. ಮಾರ್ಲಾಗೆ ಬಾಗಿಲು ತೆಗೆದು ಓಡಿಹೋಗಿ ಎಲ್ಲವನ್ನೂ ಹೇಳಿಬಿಡಬೇಕೆನಿಸಿತು. ಉಳಿದ ಹತ್ತು ಮನೆಗಳು ಕಣ್ಣ ಮುಂದೆ ಬಂದದ್ದರಿಂದ ಬಾಗಿಲಿನ ಹಿಡಿಯಿಂದ ಕೈ ತೆಗೆದಳು. ಆಮೇಲೆ ಗಾಜು ಏರಿಸಿಕೊಂಡು ಚೆನ್ನಾಗಿ ಅತ್ತಳು.

ಎರಡು ವರ್ಷ ಕಳೆದು ಮತ್ತೆ ಆರ್ಡೆಲ್‌ಗೆ ಬಂದಾಗ ಅವಳು ಮೊದಲು ತೆಗೆದು ನೋಡಿದ್ದು ಸಾಲಗಾರರ ಪಟ್ಟಿ. ಹೆನ್ನಿಂಗ್ ಹೆಸರು ಅದರಲ್ಲಿರಲಿಲ್ಲ. ಇನ್ನು ಆ ಅಂಗಡಿಯಲ್ಲಿ ಉಣ್ಣಲು ಯಾವ ನಿಯಮದ ಅಡ್ಡಿಯೂ ಇಲ್ಲ. ಮಧ್ಯಾಹ್ನ ಕೂದಲು ಸರಿಮಾಡಿಕೊಂಡು, ಹಬ್ಬಕ್ಕೆ ಹೊರಟವಳ ಹಾಗೆ ರಸ್ತೆ ದಾಟಿ ಹೋಗಿ ಅದೇ ಸ್ಟೂಲಿನ ಮೇಲೆ ಕೂತಳು.

ಟ್ವೈಲಾ ಯಾರೋ ರೈತನಿಗೆ ಕಾಫಿ ಸುರಿಯುತ್ತಿದ್ದಳು. "ವರಾಂಡಕ್ಕೆ ಬಣ್ಣ ಹೊಡಿಸ್ತಿದೀನಿ, ಹಳದಿ. ಆ ಲೈಲ್ ಬ್ರಾಂಟ್ ಇಲ್ದೇ ಇದ್ದಿದ್ರೆ ಇವತ್ತು ಬೀದೀಲಿ ಇರ್ತಿದ್ದೆ ನೋಡು. ಯಾರೂ ಕೇಳ್ದೇನೇ ತಾನಾಗಿ ಕಾಗದ ಕಳಿಸ್ದ. ದೇವರಂಥ ಮನುಷ್ಯ."

ಆಮೇಲೆ ಇತ್ತ ತಿರುಗಿದಳು. ಗುರುತು ಹತ್ತಿತೆಂದು ಮುಖದಲ್ಲೇ ಗೊತ್ತಾಯಿತು.

"ಏನ್ ಕೊಡ್ಲಿ ಮೇಡಂ?"

"ರುಬಾರ್ಬ್ ಪೈ ಇದೆಯಾ?"

"ಖಾಲಿ ಆಯ್ತು ಮೇಡಂ."

ಅವಳ ಬೆನ್ನ ಹಿಂದಿನ ಗಾಜಿನ ಪೆಟ್ಟಿಗೆಯಲ್ಲಿ ಮೂರು ತುಂಡು ಪೈ ಇದ್ದವು.

"ಹಾಗಾದ್ರೆ ಕಾಫಿ ಕೊಡಿ," ಎಂದಳು ಮಾರ್ಲಾ.