ಚಂದಮ್ಮನ ಹುಟ್ಟುಹೊತ್ತಿನ ಪಂಕ್ತಿ

ನಿಜಾಮರ ಸರ್ಕಾರ ಇನ್ನೂ ಗಟ್ಟಿಯಾಗಿದ್ದ ಕಾಲ. ಗುಂಡಗುರ್ತಿಯ ಅಂಬಾರಾಯನ ಮನೆಯಲ್ಲಿ ವರ್ಷಕ್ಕೊಮ್ಮೆ, ಮಾರ್ಗಶಿರ ಹುಣ್ಣಿಮೆಯ ಮರುದಿನ, ಊರಲ್ಲಿ ಬೇರೆಲ್ಲೂ ಕಾಣದ ಒಂದು ಪಂಕ್ತಿ ಕೂಡುತ್ತಿತ್ತು. ಬೇರೆ ಮನೆಗಳಲ್ಲಿ ಜಂಗಮ ಅಯ್ಯನವರ ಆರೋಗಣೆ ಮೊದಲು, ಆಮೇಲೆ ಗಂಡಸರು, ಆಮೇಲೆ ಹೆಂಗಸರು. ಮಕ್ಕಳು ಅತ್ತು ಅತ್ತು ಕೊನೆಗೆ ಎಲ್ಲೋ ಒಂದು ಮೂಲೆಯಲ್ಲಿ. ಇಲ್ಲಿ ಆ ಒಂದು ದಿನ ಮಕ್ಕಳೇ ಮೊದಲು. ಅವರ ಬಾಯಿಗೆ ತುತ್ತು ಬೀಳುವ ತನಕ ದೊಡ್ಡವರು ಉಪ್ಪಿನ ಹರಳನ್ನೂ ನಾಲಿಗೆಗೆ ಇಡುವಂತಿಲ್ಲ.

ಅದು ಸೊಸೆ ಗುರುಲಿಂಗಮ್ಮನ ಹರಕೆ. ಅವಳ ಮೊದಲಿನ ಎರಡು ಕೂಸುಗಳು ಹಲ್ಲು ಮೂಡುವ ಮೊದಲೇ ಹೋಗಿದ್ದವು. ಮೂರನೆಯದು ಹುಟ್ಟಿದ್ದು ನಡುಮಧ್ಯಾಹ್ನ, ಹುಟ್ಟಿ ಅಳಲಿಲ್ಲ. ಪಕ್ಕದ ಮನೆಯ ಅಮೀರ್ಬೀ ಕೂಸನ್ನು ತಲೆಕೆಳಗೆ ಹಿಡಿದು ಬೆನ್ನು ತಟ್ಟುತ್ತಿದ್ದಳು. ಹೊರಗೆ ಓಣಿಯ ಹುಡುಗರು ಹಸಿದು, ರೊಟ್ಟಿ ಕೊಡೆವ್ವಾ ಎಂದು ತಮ್ಮ ತಮ್ಮ ಅವ್ವಂದಿರಿಗೆ ಕೂಗುತ್ತಿದ್ದರು. ಗುರುಲಿಂಗಮ್ಮ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, ಶಿವನೇ, ನನ್ನ ಕೂಸೂ ಹೀಗೆ ಕೂಗಿ ಉಣ್ಣಲು ಕೇಳಲಿ, ವರ್ಷಾ ವರ್ಷಾ ಇದೇ ದಿನ ಇದೇ ಹೊತ್ತಿಗೆ ಈ ಮಕ್ಕಳಿಗೆ ಉಣಿಸಿಯೇ ನಾವು ಉಣ್ಣುತ್ತೇವೆ ಎಂದಳು. ಕೂಸು ಅತ್ತಿತು. ಅದೇ ಚಂದಮ್ಮ. ಈಗ ಅವಳಿಗೆ ಐದು ತುಂಬಿತು.

ಗುರುಲಿಂಗಮ್ಮನ ಗಂಡ ಸಾಯಬಣ್ಣ ತೊಗರಿಯ ಗಾಡಿ ಹೂಡಿಕೊಂಡು ವಾಡಿಯ ಪೇಟೆಗೆ ಹೋಗಿದ್ದ. ಮನೆಯಲ್ಲಿ ಇದ್ದವನು ಮಾವ ಅಂಬಾರಾಯ. ಅಣ್ಣ ತೀರಿಕೊಂಡ ಮೇಲೆ ಅವನು ನಡೆಸುತ್ತಿದ್ದ ಮಾಲಿಪಾಟೀಲಕಿ, ಊರಿನ ಕಂದಾಯ ಎತ್ತುವ ಗೌಡಿಕೆ, ತನಗೆ ಬರಲಿ ಎಂಬುದು ಅವನ ಆಸೆ. ಅದರ ವರದಿ ಬರೆಯುವ ಕಂದಾಯ ಅಧಿಕಾರಿ, ಗಿರ್ದಾವರ ಸಾಹೇಬರು, ಆ ದಿನ ಚಿತ್ತಾಪುರದ ಕಡೆಯಿಂದ ಕುದುರೆ ಏರಿ ಬಂದು ಊರ ಚಾವಡಿಯಲ್ಲಿ ಇಳಿದಿದ್ದರು. ಅಂಬಾರಾಯ ಬೆಳಿಗ್ಗೆಯೇ ಹೋಗಿ ಊಟಕ್ಕೆ ಕರೆದು ಬಂದಿದ್ದ.

"ಕರದೀರಿ, ಭಾಳ ಛಲೋ ಆತು ಮಾವಾರ," ಎಂದಳು ಗುರುಲಿಂಗಮ್ಮ, ಹುಗ್ಗಿಯ ಗೋಧಿ ತಿರುವುತ್ತ. "ಎರಡನೇ ಪಂಕ್ತಿಗೆ ಕೂಡಸೂಣು."

"ಸರ್ಕಾರದ ಮನುಷ್ಯಾಗ ಎರಡನೇ ಪಂಕ್ತಿ ಅಂತಿಯೇನು ಗುರುಲಿಂಗವ್ವ? ಅವರು ಉಂಡ ಮ್ಯಾಲೆ ನಿನ್ನ ಹುಡುಗರು ಉಣ್ಣಲಿ. ಒಂದು ತಾಸು ಹಿಂದ ಮುಂದ ಆದ್ರ ಹರಕಿ ಏನು ಹಾರಿಹೋಗ್ತದೇನು?"

ಅವಳು ಹುಗ್ಗಿ ತಿರುವುತ್ತಲೇ ಇದ್ದಳು.

ಆ ಮನೆಯ ಪಡಸಾಲೆಯಲ್ಲಿ ಬೆಳಕಿಂಡಿಯಿಂದ ಇಳಿಯುವ ಬಿಸಿಲು ನಡುಗಂಬದ ಬುಡಕ್ಕೆ ಬಂದರೆ ಚಂದಮ್ಮ ಹುಟ್ಟಿದ ಹೊತ್ತು. ಬಿಸಿಲು ಇನ್ನೂ ಒಂದು ಮೊಳ ದೂರ ಇರುವಾಗಲೇ ಗುರುಲಿಂಗಮ್ಮ ಮಕ್ಕಳನ್ನು ಕರೆದು ಗೋಡೆಯಿಂದ ಗೋಡೆಗೆ ಕೂರಿಸಿದಳು. ಅಮೀರ್ಬೀಯ ಮಗಳು ಹಮೀದಾಬಿ ಎಂದಿನಂತೆ ಚಂದಮ್ಮನ ತೊಡೆಗೆ ತೊಡೆ ಹತ್ತಿಸಿ ಕೂತಳು. ಹನ್ನೊಂದು ಮಕ್ಕಳು, ಹನ್ನೊಂದು ಮುತ್ತಲ ಎಲೆ. ಮೂಲೆಗೆ ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಪಲ್ಯ, ನಡುವೆ ಹುಗ್ಗಿ, ಮೇಲೆ ತುಪ್ಪ.

ಬಡಿಸಿದರೆ ಸಾಲದು. ಮನೆಯ ಹಿರಿಯ ಮುಂದೆ ನಿಂತು, "ಸಾವಕಾಶ ಉಣ್ರಿ" ಎನ್ನಬೇಕು. ಆ ಮಾತು ಬೀಳದೆ ಯಾರೂ ಎಲೆಗೆ ಕೈ ಹಚ್ಚುವುದಿಲ್ಲ. ಮೂರು ವರ್ಷದ ಮಗುವಿಗೂ ಗೊತ್ತಿರುವ ನಡತೆ ಅದು. ಅಂಬಾರಾಯನಿಗೂ ಗೊತ್ತಿತ್ತು. ಅದಕ್ಕೇ ಅವನು ಸೊಸೆಯನ್ನು ತಡೆಯಲಿಲ್ಲ, ಗದರಲಿಲ್ಲ. ಕೈ ಕಟ್ಟಿಕೊಂಡು ತಲಬಾಗಿಲ ಕಡೆ ಮುಖ ಮಾಡಿ ಸುಮ್ಮನೆ ನಿಂತುಬಿಟ್ಟ.

ಮಕ್ಕಳು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾಯ್ದರು. ತುಪ್ಪ ಹೆಪ್ಪುಗಟ್ಟತೊಡಗಿತು.

"ಅಜ್ಜಾ, ನೀ ಅನ್ನಲ್ಲ?" ಎಂದಳು ಚಂದಮ್ಮ.

"ಏನನ್ಲಿ?"

"ಉಣ್ರಿ ಅಂತ."

"ಸಾಹೇಬರು ಬರಲಿ."

ಚಾವಡಿಯಿಂದ ತಳವಾರ ಮಶಾಕ ಓಡಿ ಬಂದ. "ಎಲ್ಲಿ ತನಕ ಬಂದಾರೋ?" ಎಂದ ಅಂಬಾರಾಯ.

"ಹಜಾಮತಿ ಮಾಡಿಸ್ಕೊಳ್ಳಾಕತ್ತಾರ್ರಿ. ಒಂದು ಗಲ್ಲ ಆಗ್ಯಾದ, ಇನ್ನೊಂದು ಗಲ್ಲ ಅದ. ಆಮ್ಯಾಲೆ ಝಳಕ. ತಾವು ಬರೋ ತನಕ ಯಾರೂ ಊಟಕ್ಕ ಕುಂದ್ರಬಾರದು ಅಂತ ಹೇಳ್ಯಾರ್ರಿ."

ಬಾಗಿಲ ಮರೆಯಲ್ಲಿ ನಿಂತಿದ್ದ ಅಮೀರ್ಬೀ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಅಕ್ಕಾ, ಸಾಹೇಬರ ಗಡ್ಡ ನುಣ್ಣಗ ಆಗೂದ್ರಾಗ ನಮ್ಮ ಹುಡುಗರಿಗೆ ಗಡ್ಡ ಬರ್ತಾವ."

ಪಡಸಾಲೆಯ ಮೂಲೆಯಲ್ಲಿ ಕೂತಿದ್ದ ರೇವಣಸಿದ್ದಯ್ಯನವರ ಕಡೆ ತಿರುಗಿದ ಅಂಬಾರಾಯ. ಈ ಮನೆತನದ ಅಯ್ಯ ಅವರು, ಯಾವ ಪಂಕ್ತಿಯಲ್ಲಾದರೂ ಮೊದಲ ಎಲೆಗೆ ಹಕ್ಕುದಾರರು. "ಅಯ್ಯಾರ, ನೀವರ ಒಂದು ಮಾತು ಹೇಳ್ರಿ ಆಕೀಗಿ."

"ನನಗ್ಯಾಕ ಕೇಳ್ತಿ ಅಂಬಾರಾಯ. ನಂದು ಈ ಮನ್ಯಾಗ ಇವತ್ತ ಹೆಂಗೂ ಎರಡನೇ ಪಂಕ್ತಿ. ಹಸದು ಕುಂತವನ ನ್ಯಾಯ ನೆಟ್ಟಗ ಇರಂಗಿಲ್ಲ." ಅಯ್ಯ ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸತೊಡಗಿದರು.

ಬಿಸಿಲು ಕಂಬದ ಬುಡಕ್ಕೆ ಬಂತು.

ಗುರುಲಿಂಗಮ್ಮ ಅದನ್ನು ನೋಡಿದಳು. ಮಾವನನ್ನು ನೋಡಿದಳು. ಅವನು ಬಾಗಿಲ ಕಡೆಯ ಮುಖ ತಿರುಗಿಸಲಿಲ್ಲ. ಅವಳು ಹುಗ್ಗಿಯ ಪಾತ್ರೆ ಕೆಳಗಿಟ್ಟಳು, ಸೆರಗು ಸರಿಮಾಡಿಕೊಂಡಳು, ಪಂಕ್ತಿಯ ಮುಂದೆ ನಡುವಿಗೆ ಬಂದು ನಿಂತಳು. ಆ ಊರಿನಲ್ಲಿ ಯಾವ ಸೊಸೆಯೂ ಅಲ್ಲಿ ನಿಂತಿದ್ದಿಲ್ಲ. ದನಿ ಏರಿಸಲಿಲ್ಲ, ನಡುಗಿಸಲೂ ಇಲ್ಲ.

"ಸಾವಕಾಶ ಉಣ್ರಿ, ನನ್ನಪ್ಪಗೋಳ್ರ್ಯಾ, ನನ್ನವ್ವಗೋಳ್ರ್ಯಾ."

ಮಕ್ಕಳು ಒಂದು ಕ್ಷಣ ಅಜ್ಜನ ಮುಖ ನೋಡಿದರು. ಹಮೀದಾಬಿಯ ಕೈ ಮೊದಲು ಹುಗ್ಗಿಗೆ ಹೋಯಿತು. ಆಮೇಲೆ ಉಳಿದ ಹತ್ತೂ ಕೈ.

"ಗುರುಲಿಂಗವ್ವ," ಎಂದ ಅಂಬಾರಾಯ, ಗಂಟಲೊಳಗೇ. "ಹಿರೇರು ಇದ್ದಾಗ ನೀ ಅಂದಿ."

"ಹಿರೇರು ಸುಮ್ಮನ ನಿಂತ್ರಲ್ರಿ. ಹೊತ್ತು ನಿಲ್ಲಲಿಲ್ಲ."

ಮಕ್ಕಳು ಎರಡನೆಯ ಸಲ ಹುಗ್ಗಿ ಹಾಕಿಸಿಕೊಳ್ಳುವಾಗ ಗಿರ್ದಾವರ ಸಾಹೇಬರು ಬಂದರು. ಗಲ್ಲ ನುಣ್ಣಗಾಗಿತ್ತು, ಕಿವಿಯ ಹತ್ತಿರ ಅತ್ತರಿನ ಹತ್ತಿ. ಅವರಿಗೆಂದು ಗಾದಿ ಹಾಸಿದ್ದು ಪಡಸಾಲೆಯ ಆಚೆ ಬದಿಗೆ, ನಡುವೆ ಗೋಡೆಯಿಂದ ಗೋಡೆಗೆ ಮಕ್ಕಳ ಪಂಕ್ತಿ. ದಾಟಲು ಜಾಗವಿರಲಿಲ್ಲ. ಸಾಹೇಬರು ಹೊಸ್ತಿಲ ಮೇಲೆ ನಿಂತು ಎಲೆಗಳನ್ನು ನೋಡಿದರು.

"ಪಾಟೀಲರ, ನಾ ಹೇಳಿ ಕಳಿಸಿದ್ದು ಮುಟ್ಟಲಿಲ್ಲೇನು?"

"ಮುಟ್ಟ್ಯಾದ್ರಿ ಸಾಹೇಬ್ರ. ಹೆಂಗಸರ ಕೆಲಸ, ಏನು ಹೇಳ್ಲಿ..." ಅಂಬಾರಾಯ ಸೊಸೆಯ ಕಡೆ ತಿರುಗಿದ. "ಮೂರು ಎಲಿ ಎತ್ತಸು, ಸಾಹೇಬರು ದಾಟಲಿ. ಹುಡುಗರು ಹಿತ್ತಲದಾಗ ಕುಂತು ಉಣ್ತಾವ."

ಮೂರು ಎಲೆಗಳೆಂದರೆ ನಡುವಿನವು. ಅದರಲ್ಲಿ ಒಂದು ಚಂದಮ್ಮನದು. ಅವಳ ಕೈ ಬಾಯಿಯ ಹತ್ತಿರ ನಿಂತಿತು.

"ಉಣ್ಣು ನೀ," ಎಂದಳು ತಾಯಿ. ಆಮೇಲೆ ಹೊಸ್ತಿಲ ಕಡೆ ಕೈ ಮುಗಿದಳು. "ಸಾಹೇಬ್ರ, ನೀವು ನಮ್ಮ ಮನಿಗೆ ಬಂದಿದ್ದು ದೊಡ್ಡದು. ಕಟ್ಟಿ ಮ್ಯಾಲೆ ಕಂಬಳಿ ಹಾಸೀನಿ, ಕುಂದರ್ರಿ. ಪಂಕ್ತಿ ಎದ್ದ ಕೂಡಲೆ ನಿಮಗ ಬಿಸಿದು ಬಡಸ್ತೀನಿ. ಉಣ್ಣಾಕತ್ತಿದ್ದ ಕೂಸಿನ ಎಲಿ ಮಾತ್ರ ನಾ ಎತ್ತಂಗಿಲ್ರಿ."

"ಎಷ್ಟು ಹೊತ್ತು ಕುಂದ್ರಲಿ?"

"ಅವರ ಹೊಟ್ಟಿ ತುಂಬೂತನಕ್ರಿ."

ಮಕ್ಕಳು ಬೆರಳು ನೆಕ್ಕುವ ಸದ್ದು ಮಾತ್ರ ಕೇಳುತ್ತಿತ್ತು. ಸಾಹೇಬರು ಅಂಬಾರಾಯನನ್ನು ನೋಡಿ, "ನಿಮ್ಮ ಮನ್ಯಾಗ ಮಾತು ಯಾರದು ನಡೀತದಂತ ತಿಳೀತು," ಎಂದರು. ಹೊಸ್ತಿಲಿಂದಲೇ ತಿರುಗಿ ಹೋದರು. ಅಂಬಾರಾಯ ಬರಿಗಾಲಲ್ಲಿ ಓಣಿಯ ತಿರುವಿನ ತನಕ ಹಿಂದೆ ಓಡಿ, ಒಬ್ಬನೇ ಮರಳಿದ.

ಮಕ್ಕಳು ಎದ್ದು ಕೈ ತೊಳೆದರು. ಗುರುಲಿಂಗಮ್ಮ ಪಡಸಾಲೆ ಸಾರಿಸಿ ಮತ್ತೆ ಎಲೆ ಹಾಕಿದಳು, ಅಯ್ಯನವರಿಗೆ, ಓಣಿಯ ಗಂಡಸರಿಗೆ, ಆಮೇಲೆ ಹೆಂಗಸರಿಗೆ. ಎಲ್ಲರೂ ಉಂಡು ಹೋದರು. ಉಳಿದದ್ದು ಎರಡೇ ಎಲೆ. ಒಂದನ್ನು ಕಂಬಕ್ಕೆ ಒರಗಿ ಕೂತಿದ್ದ ಮಾವನ ಮುಂದೆ ಹಾಸಿ ಬಡಿಸಿದಳು.

"ನನಗ ಬ್ಯಾಡ," ಎಂದ ಅವನು. "ಪಾಟೀಲಕಿ ಹೋತು ನಿನ್ನ ಕೈಯಿಂದ."

"ಹೋಗಿದ್ರ ಹೋಗ್ಲಿ ಬಿಡ್ರಿ. ಹೋದ ಎರಡು ಕೂಸಿಗಿ ನಾ ಅತ್ತೀನಿ, ನೀವೂ ಅತ್ತೀರಿ. ಇದಕ್ಕ ನಾ ಅಳಂಗಿಲ್ಲ."

ಅವನು ಎಲೆಯನ್ನು ಮುಟ್ಟಲಿಲ್ಲ. ಅವಳು ಸ್ವಲ್ಪ ಹೊತ್ತು ಕಾಯ್ದಳು. ಆಮೇಲೆ ಲಿಂಗಕ್ಕೆ ಕೈ ಮುಗಿದು, ಮಾವ ಉಣ್ಣುವ ಮೊದಲು, ಮಾವನ ಎದುರಿಗೇ ತನ್ನ ಎಲೆಗೆ ಕೂತಳು.

"ಬರೂ ವರ್ಷ ಈ ಮನ್ಯಾಗ ಈ ಪಂಕ್ತಿ ಆಗಂಗಿಲ್ಲ," ಎಂದ ಅಂಬಾರಾಯ.

"ಆಗ್ತದ್ರಿ ಮಾವಾರ," ಎಂದಳು ಅವಳು, ಹುಗ್ಗಿಗೆ ಹಾಲು ಹಾಕಿಕೊಳ್ಳುತ್ತ. "ಮಧ್ಯಾಹ್ನಕ್ಕೇ ಆಗ್ತದ."