ಕೈಪಟ್ಟಿ ಇಲ್ಲದವರು

"ಅಯ್ಯೋ, ಅಣ್ಣಾ! ನೀನ್ಯಾವಾಗ ಬಂದೆ?"

ಆಸ್ಪತ್ರೆಯ ಬೆಂಚಿನ ತುದಿಯಲ್ಲಿ ಗೋಡೆಗೆ ತಲೆಯಾನಿಸಿ ಕೂತಿದ್ದವನು ಕಣ್ಣು ಬಿಟ್ಟ. ಬಸ್ಸು ಓಡಿಸುವ ಸಮವಸ್ತ್ರ ಬೆವರಿಗೆ ತೊಯ್ದು ಮೈಗೆ ಅಂಟಿತ್ತು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಆಗ್ಲೇ ಬಂದೆ ಕಣೆ. ಬೆಳಿಗ್ಗೆ ಮೊದಲ ಟ್ರಿಪ್ ಮುಗಿಸ್ದಾಗ್ಲೇ ಎದೆ ಹಿಂಡ್ದಂಗಾಯ್ತು. ನೀನು ಆ ಕಡೆ ಈ ಕಡೆ ಓಡಾಡ್ತಿದ್ದೆ, ಕೆಲಸದಲ್ಲಿರೋಳಿಗೆ ಯಾಕೆ ತೊಂದ್ರೆ ಅಂತ ಸುಮ್ನಿದ್ದೆ."

ಬೆಳಿಗ್ಗೆಯಿಂದ! ಈಗ ಊಟದ ಹೊತ್ತು ದಾಟಿತ್ತು. ಅವನ ತಂಗಿ ಅಲ್ಲಿಯ ಸಿಸ್ಟರ್; ಅವನ ಕೈ ಹಿಡಿದು ನೋಡಿದಳು. ನಾಡಿ ಎಲ್ಲೋ ಆಳದಲ್ಲಿ ಅಡ್ಡಾದಿಡ್ಡಿ ಓಡುತ್ತಿತ್ತು. ಮಣಿಕಟ್ಟು ಖಾಲಿ. ಕೈಪಟ್ಟಿ ಇರಲಿಲ್ಲ.

ತುರ್ತು ಚಿಕಿತ್ಸಾ ವಿಭಾಗದಲ್ಲಿ ಹಿರಿಯ ಡಾಕ್ಟರ ಸಂಶೋಧನೆ ನಡೆಯುತ್ತಿತ್ತು. ಬಂದ ರೋಗಿಯನ್ನು ಡಾಕ್ಟರು ಎಷ್ಟು ಬೇಗ ನೋಡುತ್ತಾರೆ ಎಂಬುದೇ ವಿಷಯ. ರೋಗಿಗೆ ನೀಲಿ ಕೈಪಟ್ಟಿ ಕಟ್ಟಿದ ಕ್ಷಣದಿಂದ ಕಂಪ್ಯೂಟರು ಸಮಯ ಎಣಿಸುತ್ತದೆ, ಡಾಕ್ಟರು ಬಂದಾಗ ನಿಲ್ಲಿಸುತ್ತದೆ. ಮೊದಮೊದಲು ಪಟ್ಟಿಯನ್ನು ಬಾಗಿಲಲ್ಲೇ ಕಟ್ಟುತ್ತಿದ್ದರು. ತಡವಾದವರ ಸಾಲು ಗೋಡೆಯ ಪರದೆಯ ಮೇಲೆ ಕೆಂಪಾಗುತ್ತಿತ್ತು, ಪರದೆಯೆಲ್ಲ ಕೆಂಪು. ಡಾಕ್ಟರು ಒಂದು ಉಪಾಯ ಹೂಡಿದರು: ಹಾಸಿಗೆ ಖಾಲಿಯಾದ ಮೇಲೆ ಪಟ್ಟಿ ಕಟ್ಟಿ. ಅಷ್ಟೇ! ಪರದೆ ಹಚ್ಚಹಸಿರಾಯಿತು. ಒಬ್ಬ ಡಾಕ್ಟರು ಹೆಚ್ಚಾಗಲಿಲ್ಲ, ಒಂದು ಹಾಸಿಗೆ ಹೆಚ್ಚಾಗಲಿಲ್ಲ. ನಾಡಿ ನೋಡುವುದು, ಇಸಿಜಿ ಮಾಡುವುದು ಎಲ್ಲವೂ ಪಟ್ಟಿ ಕಟ್ಟಿದ ಮೇಲೆಯೇ. ಬೆಂಚಿನಲ್ಲಿ ಕೂತು ನರಳುವವರು ಲೆಕ್ಕದ ಪ್ರಕಾರ ಇನ್ನೂ ಆಸ್ಪತ್ರೆಗೆ ಬಂದೇ ಇರಲಿಲ್ಲ. ಈ ಕಣ್ಕಟ್ಟಿಗೆ ಸಂಶೋಧನೆ ಎಂದು ಹೆಸರು! ಸಿಸ್ಟರ್ ಕೂಡ ನಾಲ್ಕು ದಿನ ಗೊಣಗಿ, ಆಮೇಲೆ ಒಗ್ಗಿಹೋಗಿದ್ದಳು.

ಸಿಸ್ಟರ್ ಅಣ್ಣನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಬಂದಾಗ ಬಾಗಿಲಲ್ಲಿದ್ದ ನರ್ಸ್ ಅಡ್ಡ ಬಂದಳು. "ಅಕ್ಕಾ, ಬೆಡ್ ಖಾಲಿ ಇಲ್ಲ. ಪಟ್ಟಿ ಆಗಿಲ್ಲ ಅವ್ರಿಗೆ."

"ನಿನ್ನ ಪಟ್ಟಿ ಹಾಳಾಗ್ಲಿ! ದಾರಿ ಬಿಡೇ!"

ಇಸಿಜಿ ನೋಡಿದ ಹಿರಿಯ ಡಾಕ್ಟರು ಒಂದು ಕ್ಷಣವೂ ತಡಮಾಡಲಿಲ್ಲ. ಅವರ ಕೈಗುಣದ ಬಗ್ಗೆ ಯಾರೂ ತಕರಾರು ತೆಗೆಯುವಂತಿರಲಿಲ್ಲ. ಮುಚ್ಚಿಹೋಗಿದ್ದ ರಕ್ತನಾಳವನ್ನು ಸಂಜೆಯೊಳಗೆ ತೆರೆದು, ಜೀವ ಉಳಿಸಿ ವಾರ್ಡಿಗೆ ಕಳಿಸಿದರು. ಆದರೆ ಹೃದಯದ ಒಂದು ಭಾಗ ಅಷ್ಟರಲ್ಲಿ ಸತ್ತುಹೋಗಿತ್ತು.

"ಮತ್ತೆ ಬಸ್ ಓಡಿಸ್ಬಹುದಾ ಸಾರ್?" ಅಣ್ಣ ಕೇಳಿದ್ದು ಅದೊಂದೇ.

"ಅದೆಲ್ಲ ಇನ್ನು ಆಗಲ್ಲ. ಮೆಟ್ಟಿಲು ಹತ್ತೋಕೂ ಹುಷಾರಾಗಿರ್ಬೇಕು." ಡಾಕ್ಟರು ಅವನ ಭುಜ ತಟ್ಟಿದರು. "ನೀವು ಸ್ವಲ್ಪ ಬೇಗ ಬರ್ಬೇಕಿತ್ತು ನೋಡಿ."

"ತಪ್ಪಾಯ್ತು ಸಾರ್," ಎಂದ ಅಣ್ಣ.

ಸಿಸ್ಟರ್‌ಗೆ ಮೈಯೆಲ್ಲ ಉರಿದುಹೋಯಿತು.

"ತಪ್ಪಾಯ್ತು ಅನ್ಬೇಡ! ಯಾರದ್ದು ತಪ್ಪು? ಬೆಳಿಗ್ಗೇನೇ ಬಂದಿದ್ದ ಸಾರ್ ಇವ್ನು. ನಿಮ್ಮ ಬೆಂಚಲ್ಲೇ ಕೂತಿದ್ದ. ಇವನ ಕಾಲು ದಾಟ್ಕೊಂಡೇ ನೀವು ಊಟಕ್ಕೆ ಹೋಗಿದ್ದು, ದಾಟ್ಕೊಂಡೇ ವಾಪಸ್ ಬಂದಿದ್ದು. ನಾನೂ ಅಷ್ಟೇ, ಕಣ್ಣಿದ್ದೂ ಕುರುಡಿ!"

ಡಾಕ್ಟರ ಮುಖ ಬಿಗಿಯಿತು. "ಕೂಗಾಡ್ಬೇಡಿ ಸಿಸ್ಟರ್. ನನ್ನ ಲೆಕ್ಕದಲ್ಲಿ ಇವ್ರು ಬಂದ ತಕ್ಷಣ ನೋಡಿದೀವಿ."

"ಹೌದು ಕಣೆ," ಅಣ್ಣ ಸಮಾಧಾನ ಮಾಡಲು ನೋಡಿದ. "ಒಳಗ್ ಬಂದ ಮೇಲೆ ತುಂಬ ಬೇಗ ನೋಡಿದ್ರು. ಪಾಪ, ಅವ್ರನ್ನ ಬೈಬೇಡ."

ಸಿಸ್ಟರ್ ಅಣ್ಣನ ಹೊದಿಕೆ ಸರಿಮಾಡಿ, ದಡದಡನೆ ತುರ್ತು ವಿಭಾಗದ ಬಾಗಿಲಿಗೆ ಬಂದಳು. ಮೇಜಿನ ಮೇಲಿದ್ದ ಕೈಪಟ್ಟಿಗಳ ಡಬ್ಬಿಯನ್ನು ಬಾಚಿಕೊಂಡು, ಬೆಂಚಿನ ಆ ತುದಿಯಿಂದ ಶುರುಮಾಡಿದಳು. ಹಾಸಿಗೆ ಖಾಲಿಯಿದೆಯೇ ಎಂದು ಯಾರನ್ನೂ ಕೇಳಲಿಲ್ಲ. ಕಾಲು ಊದಿದವನಿಗೆ ಕಟ್ಟಿದಳು. ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡವಳಿಗೆ, "ನಿನಗಲ್ಲಮ್ಮ, ಪಾಪುಗೆ" ಎಂದು ಆ ಪುಟ್ಟ ಕೈ ಹಿಡಿದು ಕಟ್ಟಿದಳು. ಒಬ್ಬೊಬ್ಬರ ನಾಡಿಯನ್ನೂ ನೋಡಿದಳು.

"ಸಿಸ್ಟರ್, ಏನ್ಮಾಡ್ತಿದೀರಿ? ಸ್ಟಡಿ ಮುಗಿಯೋಕೆ ಬಂದಿದೆ. ಎಲ್ಲ ಕೆಟ್ಟೋಗತ್ತೆ!" ಡಾಕ್ಟರು ಹಿಂದೆಯೇ ಓಡಿಬಂದಿದ್ದರು.

"ಕೆಡ್ಲಿ ಬಿಡಿ."

"ಇದಕ್ಕೆ ಕೆಲಸ ಹೋಗತ್ತೆ, ಗೊತ್ತಿರ್ಲಿ."

ಅವಳು ತಿರುಗಿ ನೋಡಲಿಲ್ಲ. ಕೊನೆಯಲ್ಲಿ ಹೊಟ್ಟೆ ಹಿಡಿದುಕೊಂಡು ಮುದುರಿ ಕೂತಿದ್ದ ಮುದುಕಿ, ಸಿಸ್ಟರ್ ಹತ್ತಿರ ಬಂದೊಡನೆ ತಾನಾಗಿಯೇ ಕೈ ಚಾಚಿದಳು.

"ಡಾಕ್ಟ್ರು ಬಂದ್ರಾ ಮಗಾ?"

"ಇಲ್ಲ ಅಜ್ಜಿ," ಸಿಸ್ಟರ್ ಆ ಒಣಗಿದ ಮಣಿಕಟ್ಟಿಗೆ ಪಟ್ಟಿ ಸುತ್ತಿದಳು. "ನೀವು ಬಂದ್ರಿ."