ಉಳವಪ್ಪ ತಂದ ದೀಪ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಶಿಗ್ಗಾವಿಯಲ್ಲಿ ಈ ಹೊಳಬಸಪ್ಪ ಮಾಸ್ತರನಿಂದ ಬೈಸಿಕೊಳ್ಳದವರು ಕಡಿಮೆ. ಆದರೆ ೧೯೮೪ರ ಆ ರವಿವಾರದ ಸಿಟ್ಟಿಗೆ ಕಾರಣವಿತ್ತು. ಮೂರು ವಾರದಿಂದ, ದೂರದೂರದವರೊಡನೆ ಮಾತಾಡುವ ನನ್ನ ಹ್ಯಾಮ್ ರೇಡಿಯೊದಲ್ಲಿ ರವಿವಾರ ಮುಂಜಾನೆ ಬರೀ ಗರ್ರ್ ಎಂಬ ಸದ್ದು.

ಪಕ್ಕದ ಮನೆ ಹಾಲವ್ವನ ಮಗ ಉಳವಪ್ಪ ಹಡಗಿನಲ್ಲಿ ರೇಡಿಯೊ ಆಫೀಸರ್. ಅವನಿಗೆ ಹ್ಯಾಮ್ ಹುಚ್ಚು ಹಿಡಿಸಿದವನು ನಾನೇ. ರವಿವಾರ ಮುಂಜಾನೆ ಎಂಟಕ್ಕೆ ಅವನು ನನ್ನನ್ನು ಕರೆಯುತ್ತಾನೆ, ಹಾಲವ್ವ ಪಕ್ಕದಲ್ಲಿ ಕುಳಿತು ಕೇಳುತ್ತಾಳೆ. ಲೈಸೆನ್ಸ್ ಇಲ್ಲದವರು ಮಾತಾಡುವಂತಿಲ್ಲ, ಕೇಳಬಹುದು. ಇವತ್ತು ತಪ್ಪಿದರೆ ಹಡಗು ದೂರ ಹೋಗಿ, ಆರು ತಿಂಗಳು ಮಗನ ದನಿ ಇಲ್ಲ.

ಎಂಟಕ್ಕೆ ಹತ್ತು ನಿಮಿಷ ಇರುವಾಗ ಗರ್ರ್ ಶುರುವಾಯಿತು. ಎದುರುಮನೆಯ ದರ್ಜಿ ಮುನಾಫನ ಕರೆಂಟ್ ಮಷಿನ್ನಿನದೇ ಕಿತಾಪತಿ ಎಂದು ಅವನ ಕಡೆ ಓಡಿದೆ.

“ಬಂದ್ ಮಾಡೋ ನಿನ್ನ ಹೊಲಿಗಿ ಮಷಿನ್ನಾ!”

“ನಾ ಚಾ ಕುಡ್ಯಾಕತ್ತೇನ್ರಿ ಮಾಸ್ತರ, ಮಷಿನ್ ಎಲ್ಲೈತಿ? ಹಾಲವ್ವಕ್ಕ ಮನಿ ಬಿಡೂದಕ್ಕೂ ನೀವು ಬೈಯಾಕ ಸುರು ಮಾಡೂದಕ್ಕೂ ಪ್ರತಿ ವಾರ ಬರೋಬರಿ ಆಕ್ಕೈತಿ. ಅಲ್ಲೇ ನೋಡ್ರಿ.”

ಗರ್ರ್ ಸದ್ದಿನ ಜಾಡು ಹುಡುಕಲು ಸಣ್ಣ ಟ್ರಾನ್ಸಿಸ್ಟರ್ ಹಿಡಿದು ನಡೆದೆ. ಹಾಲವ್ವನ ದೇವರ ಜಗಲಿಯ ಮುಂದೆ ಅದು ಹುಚ್ಚೆದ್ದು ಅರಚಿತು. ಜಗಲಿಯ ಮೇಲೆ ಮಿಣಮಿಣ ಎನ್ನುವ ಕರೆಂಟಿನ ದೀಪ. ಅದರ ಸಡಿಲ ಹೋಲ್ಡರಿನಲ್ಲಿ ಸಾಸಿವೆಯಷ್ಟು ನೀಲಿ ಕಿಡಿ.

“ಹೋದ ತಿಂಗಳ ಮನಿಗೆ ಬಂದಾಗ ಉಳವ್ಯಾ ತಂದಿದ್ದ ನೋಡ್ರಿ,” ಅಂದಳು ನನ್ನ ಹಿಂದೆಯೇ ಬಂದ ಹಾಲವ್ವ. “ಅವನ ದನಿ ಚಂದ ಕೇಳ್ಲಿ ಅಂತ ಹಚ್ಚೇ ನಿಮ್ಮನಿಗೆ ಬರ್ತೇನಿ.”

“ಅಯ್ಯ ನನ್ನವ್ವಾ! ಅವನ ದನಿ ನುಂಗಾಕತ್ತಿದ್ದು ಇದ! ಆರಸು ಮೊದಲ!”

“ಬಿಡ್ತು ಅನ್ರಿ! ಮಗಾ ನೀರಿನ ಮ್ಯಾಲ ಇರೂ ಮುಂದ ದೇವರ ದೀಪಾ ಆರಸೂದ?” ಅವಳ ಕಣ್ಣು ತುಂಬಿದವು.

ನನ್ನ ಬಾಯಿಗೆ ಬೆಂಕಿ ಬೀಳಲಿ ಅನ್ನಿಸಿತು. ಬಾಗಿಲಲ್ಲಿ ನಿಂತಿದ್ದ ಮುನಾಫ ಅಂದ, “ಅಕ್ಕಾ, ಮೊದಲ ಎಣ್ಣಿ ದೀಪಾ ಹಚ್ಚು. ಆಮ್ಯಾಲ ಇದನ್ನ ಶಾಂತ ಮಾಡು. ದೇವರಿಗೆ ಕತ್ತಲಿ ಆಗಂಗಿಲ್ಲ.”

ಎಣ್ಣೆಯ ದೀಪ ಹತ್ತಿತು, ಕರೆಂಟಿನ ದೀಪ ಆರಿತು, ಟ್ರಾನ್ಸಿಸ್ಟರ್ ತಣ್ಣಗಾಯಿತು. ಮೂವರೂ ನಮ್ಮನೆಗೆ ಓಡಿದೆವು.

“ಮಾಸ್ತರ, ಕೇಳಾಕತ್ತೈತೇನ್ರಿ?” ಉಳವಪ್ಪನ ದನಿ, ಗಂಟೆ ಬಾರಿಸಿದಂತೆ ಸ್ಪಷ್ಟ. ಹಾಲವ್ವ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು, ಅತ್ತಳು.

“ನಾ ತಂದ ದೀಪಾ ಹೆಂಗೈತ್ರಿ?” ಎಂದು ಕೇಳಿದ ಅವನು.

ಹಾಲವ್ವ ನನಗೆ ಕೈ ಮುಗಿದಳು, ಹೇಳಬೇಡಿ ಎಂದು. ನಾನು ಮೈಕ್ ಒತ್ತಿದೆ.

“ಭಾಳ ಚಲೋ ಐತಪಾ. ಇಡೀ ಓಣಿಗೆ ಕೇಳಸ್ತೈತಿ.”